ಮಾಹಿತಿ ತಂತ್ರಜ್ಞಾನದ ಗುತ್ತಿಗೆ ಕೆಲಸದಲ್ಲಿ ದಿನದರ ಮತ್ತು ಅರ್ಹತೆ (ಬ್ರಿಟನ್)

ಮಾಹಿತಿ ತಂತ್ರಜ್ಞಾನದ ಗುತ್ತಿಗೆ ಕೆಲಸವೆಂದರೆ, ತಂತ್ರಜ್ಞರು ಒಂದು ಸಂಸ್ಥೆಯ ಖಾಯಂ ನೌಕರರಾಗದೆ, ಗೊತ್ತಾದ ಅವಧಿಗೆ ಅಥವಾ ಗೊತ್ತಾದ ಯೋಜನೆಗೆ ಒಪ್ಪಂದದ ಮೇರೆಗೆ ದುಡಿಯುವ ವ್ಯವಸ್ಥೆ. ಈ ಕೆಲಸಕ್ಕೆ ದಿನವೊಂದಕ್ಕೆ ಇಷ್ಟೆಂದು ನಿಗದಿಯಾಗುವ ಪ್ರತಿಫಲವನ್ನು ದಿನದರ ಎನ್ನುತ್ತಾರೆ. ಬ್ರಿಟನ್ನಿನಲ್ಲಿ ಈ ಪದ್ಧತಿ ಹಲವು ದಶಕಗಳಿಂದ ರೂಢಿಯಲ್ಲಿದೆ. ಅಲ್ಲಿನ ಬ್ಯಾಂಕುಗಳು, ವಿಮಾ ಸಂಸ್ಥೆಗಳು, ದೂರಸಂಪರ್ಕ ಸಂಸ್ಥೆಗಳು ಮತ್ತು ಸರ್ಕಾರಿ ಇಲಾಖೆಗಳು ತಮ್ಮ ಗಣಕ ಯೋಜನೆಗಳಿಗೆ ಗುತ್ತಿಗೆ ತಂತ್ರಜ್ಞರನ್ನು ವ್ಯಾಪಕವಾಗಿ ಬಳಸಿಕೊಂಡಿವೆ.

ದಿನದರವನ್ನು ತಂತ್ರಜ್ಞರ ಪದವಿ, ಪ್ರಮಾಣಪತ್ರ ಮತ್ತು ಅನುಭವಗಳು ನಿರ್ಧರಿಸುತ್ತವೆ ಎಂಬುದು ಸಾಮಾನ್ಯ ನಂಬಿಕೆ. ಆದರೆ 2000ದಿಂದ ಈಚೆಗೆ ಬ್ರಿಟನ್ನಿನಲ್ಲಿ ಆದ ತೆರಿಗೆ ಸುಧಾರಣೆಗಳ ಪರಿಣಾಮವಾಗಿ, ದರದಷ್ಟೇ ಮುಖ್ಯವಾದ ಇನ್ನೊಂದು ಪ್ರಶ್ನೆ ಮುನ್ನೆಲೆಗೆ ಬಂದಿದೆ: ಹೀಗೆ ದುಡಿಯುವವರು ಕಾನೂನಿನ ಕಣ್ಣಿನಲ್ಲಿ ಸ್ವತಂತ್ರ ವ್ಯವಹಾರಸ್ಥರೋ ಅಥವಾ ಹೆಸರು ಬದಲಿಸಿಕೊಂಡ ನೌಕರರೋ? ಈ ಪ್ರಶ್ನೆಗೆ ದೊರೆಯುವ ಉತ್ತರದ ಮೇಲೆ ರಜೆ, ಪಿಂಚಣಿ, ತೆರಿಗೆ ಮತ್ತು ಕೆಲಸ ಕಳೆದುಕೊಳ್ಳುವ ಅಪಾಯದ ಹೊರೆ ಯಾರ ಹೆಗಲಿಗೆ ಬೀಳುತ್ತದೆ ಎಂಬುದು ನಿಂತಿದೆ.

ಹಿನ್ನೆಲೆ

ಕನ್ನಡದಲ್ಲಿ ‘ದಿನಗೂಲಿ’ ಎಂಬ ಪದಕ್ಕೆ ಬಡತನದ, ಅಭದ್ರತೆಯ ಅರ್ಥಛಾಯೆಯಿದೆ. ಬ್ರಿಟನ್ನಿನ ಗಣಕ ಉದ್ಯಮದಲ್ಲಿ ದಿನದ ಲೆಕ್ಕದ ಸಂಪಾದನೆಗೆ ಇದಕ್ಕೆ ವಿರುದ್ಧವಾದ ಪ್ರತಿಷ್ಠೆಯಿತ್ತು. ಖಾಯಂ ನೌಕರನಿಗಿಂತ ಹೆಚ್ಚು ಗಳಿಸುವ, ಬೇಡವೆನಿಸಿದಾಗ ಕೆಲಸ ಬಿಟ್ಟು ಹೊರಡಬಲ್ಲ ಪರಿಣತನೇ ದಿನದರದ ಗುತ್ತಿಗೆದಾರ ಎಂಬ ಕಲ್ಪನೆ ಅಲ್ಲಿ ಬೆಳೆದಿತ್ತು. ಆದರೂ ಎರಡೂ ಪದಗಳ ಹಿಂದಿರುವ ಸತ್ಯ ಒಂದೇ: ಕೆಲಸ ಮಾಡಿದ ದಿನಕ್ಕೆ ಹಣ, ಮಾಡದ ದಿನಕ್ಕೆ ಇಲ್ಲ.

ಈ ವ್ಯವಸ್ಥೆಯಲ್ಲಿ ಸಾಮಾನ್ಯವಾಗಿ ಮೂರು ಕೊಂಡಿಗಳಿರುತ್ತವೆ. ಮೊದಲನೆಯದು ಕೆಲಸ ಮಾಡಿಸಿಕೊಳ್ಳುವ ಗ್ರಾಹಕ ಸಂಸ್ಥೆ. ಎರಡನೆಯದು ತಂತ್ರಜ್ಞರನ್ನು ಹುಡುಕಿಕೊಡುವ ಏಜೆನ್ಸಿ. ಮೂರನೆಯದು ತಂತ್ರಜ್ಞರು ತಮ್ಮದೇ ಹೆಸರಿನಲ್ಲಿ ಸ್ಥಾಪಿಸಿಕೊಂಡ ಒಬ್ಬರೇ ಸದಸ್ಯರಿರುವ ಪುಟ್ಟ ಕಂಪನಿ. ಇದಕ್ಕೆ ‘ಪರ್ಸನಲ್ ಸರ್ವಿಸ್ ಕಂಪನಿ’ ಎಂಬ ಹೆಸರಿದೆ. ಗ್ರಾಹಕರು ಏಜೆನ್ಸಿಗೆ ಹಣ ಕೊಡುತ್ತಾರೆ. ಏಜೆನ್ಸಿ ತನ್ನ ಪಾಲನ್ನು ಹಿಡಿದುಕೊಂಡು ಉಳಿದದ್ದನ್ನು ಆ ಪುಟ್ಟ ಕಂಪನಿಗೆ ಪಾವತಿಸುತ್ತದೆ. ತಂತ್ರಜ್ಞರ ಕಿವಿಗೆ ಬೀಳುವ ದಿನದರ ಏಜೆನ್ಸಿಯ ಪಾಲು ಕಳೆದ ನಂತರದ್ದು. ಗ್ರಾಹಕರು ನಿಜವಾಗಿ ತೆತ್ತ ದರ ಎಷ್ಟೆಂಬುದು ಅನೇಕ ಸಂದರ್ಭಗಳಲ್ಲಿ ಅವರಿಗೆ ತಿಳಿಯುವುದಿಲ್ಲ.

ಒಬ್ಬರೇ ನಡೆಸುವ ಕಂಪನಿಗಳು ಹುಟ್ಟಿಕೊಳ್ಳಲು ತೆರಿಗೆ ಕಾನೂನೇ ಕಾರಣವಾಯಿತು. 1970ರ ದಶಕದ ಮಧ್ಯಭಾಗದಲ್ಲಿ ಬಂದ ಕಾನೂನು, ಏಜೆನ್ಸಿಯ ಮೂಲಕ ದುಡಿಯುವ ವ್ಯಕ್ತಿಗಳ ಪ್ರತಿಫಲದಿಂದ ನೌಕರರಿಗೆ ಮಾಡುವಂತೆಯೇ ತೆರಿಗೆ ಮುರಿದುಕೊಳ್ಳಬೇಕೆಂದು ಏಜೆನ್ಸಿಗಳಿಗೆ ವಿಧಿಸಿತು. ಕಂಪನಿಗೆ ಪಾವತಿ ಮಾಡುವಾಗ ಆ ಬಾಧ್ಯತೆ ಇರಲಿಲ್ಲ. ಹೀಗಾಗಿ ಏಜೆನ್ಸಿಗಳೇ ತಂತ್ರಜ್ಞರನ್ನು ಕಂಪನಿ ಸ್ಥಾಪಿಸಿಕೊಳ್ಳುವಂತೆ ಪ್ರೇರೇಪಿಸಿದವು. ಕಂಪನಿಯ ಮಾಲೀಕರಾದ ತಂತ್ರಜ್ಞರು ತಮಗೆ ಅಲ್ಪ ಸಂಬಳ ನಿಗದಿಪಡಿಸಿಕೊಂಡು, ಮಿಕ್ಕ ಲಾಭವನ್ನು ಡಿವಿಡೆಂಡ್ ರೂಪದಲ್ಲಿ ಪಡೆಯತೊಡಗಿದರು. ಡಿವಿಡೆಂಡ್ ಮೇಲೆ ರಾಷ್ಟ್ರೀಯ ವಿಮೆಯ ವಂತಿಗೆ ಇಲ್ಲದಿದ್ದುದರಿಂದ ಉಳಿತಾಯವೂ ಆಯಿತು. 1990ರ ದಶಕದ ಕೊನೆಯಲ್ಲಿ, 2000ನೇ ಇಸವಿಯ ದಿನಾಂಕ ದೋಷವನ್ನು (ವೈ2ಕೆ) ಸರಿಪಡಿಸುವ ಕೆಲಸಕ್ಕೆ ಜನ ಸಾಲದಾದಾಗ ಈ ಪದ್ಧತಿ ಇನ್ನಷ್ಟು ಹರಡಿತು.

ದಿನದರದ ಲೆಕ್ಕಾಚಾರ

ದಿನದರವನ್ನು ವಾರ್ಷಿಕ ಸಂಬಳದೊಡನೆ ನೇರವಾಗಿ ಹೋಲಿಸುವುದು ತಪ್ಪು ತಿಳಿವಳಿಕೆಗೆ ಎಡೆಮಾಡಿಕೊಡುತ್ತದೆ. ವರ್ಷದ 365 ದಿನಗಳಲ್ಲಿ ಶನಿವಾರ, ಭಾನುವಾರಗಳು 104. ಉಳಿದ 261 ದಿನಗಳಲ್ಲಿ ಇಂಗ್ಲೆಂಡಿನ ಸಾರ್ವಜನಿಕ ರಜೆಗಳು 8. ಇನ್ನು 25 ದಿನ ಸ್ವಂತ ರಜೆ, 8 ದಿನ ಅನಾರೋಗ್ಯ ಮತ್ತು ತರಬೇತಿಗೆಂದು ಕಳೆದರೆ 220 ದಿನಗಳು ಉಳಿಯುತ್ತವೆ. ಎರಡು ಒಪ್ಪಂದಗಳ ನಡುವೆ ಒಂದು ದಿನವೂ ಖಾಲಿ ಕೂರದಿದ್ದರೆ ಮಾತ್ರ ಈ ಸಂಖ್ಯೆ ನಿಜವಾಗುತ್ತದೆ. ದಿನಕ್ಕೆ 500 ಪೌಂಡಿನಂತೆ ಲೆಕ್ಕ ಹಾಕಿದರೆ ವರ್ಷಕ್ಕೆ 1,10,000 ಪೌಂಡು. ಎರಡು ತಿಂಗಳು, ಅಂದರೆ ಸುಮಾರು 40 ಕೆಲಸದ ದಿನ, ಒಪ್ಪಂದ ಸಿಗದೆ ಹೋದರೆ ಅದು 90,000ಕ್ಕೆ ಇಳಿಯುತ್ತದೆ.

ಖಾಯಂ ನೌಕರರ ಲೆಕ್ಕ ಬೇರೆ. ವರ್ಷಕ್ಕೆ 65,000 ಪೌಂಡು ಸಂಬಳದ ನೌಕರರಿಗಾಗಿ ಮಾಲೀಕರು 2025–26ರ ದರದಂತೆ ಸುಮಾರು 9,000 ಪೌಂಡು ರಾಷ್ಟ್ರೀಯ ವಿಮೆಯ ವಂತಿಗೆಯನ್ನೂ ಕಟ್ಟಬೇಕು. ಒಟ್ಟು 74,000 ಪೌಂಡನ್ನು ನೌಕರರು ಹಾಜರಿರುವ ಸುಮಾರು 228 ದಿನಗಳಿಗೆ ಹಂಚಿದರೆ ದಿನಕ್ಕೆ ಸುಮಾರು 325 ಪೌಂಡು ಬೀಳುತ್ತದೆ. ಇದರ ಮೇಲೆ ಪಿಂಚಣಿಯ ಪಾಲು, ಅನಾರೋಗ್ಯದ ವೇತನ, ಕೆಲಸದಿಂದ ತೆಗೆಯುವಾಗ ಕೊಡಬೇಕಾದ ಪರಿಹಾರ ಇವೆಲ್ಲ ಸೇರುತ್ತವೆ. ಆದ್ದರಿಂದ 325 ಮತ್ತು 500ರ ನಡುವಿನ ಅಂತರವೆಲ್ಲವೂ ಹೆಚ್ಚುವರಿ ಗಳಿಕೆಯಲ್ಲ. ಅದರ ಬಹುಭಾಗ ಗುತ್ತಿಗೆದಾರರು ತಾವೇ ಹೊತ್ತ ಅಪಾಯದ ಬೆಲೆ.

ದರವನ್ನು ಏರಿಳಿಸುವ ಅಂಶಗಳಲ್ಲಿ ತಂತ್ರಜ್ಞಾನದ ಹೊಸತನ ಒಂದು ಮಾತ್ರ. ಹೊಸಬರು ಕಲಿಯಲು ಮುಂದೆ ಬಾರದ, ಆದರೆ ಬ್ಯಾಂಕುಗಳು ಇಂದಿಗೂ ಬಿಡಲಾಗದ ಕೋಬಾಲ್‌ನಂತಹ ಹಳೆಯ ಭಾಷೆಗೂ ಬೇಡಿಕೆಯಿದೆ. ಕೆಲಸದ ಸ್ಥಳ, ಯೋಜನೆಯ ತುರ್ತು, ಗ್ರಾಹಕರ ಉದ್ಯಮದ ಒಳಗುಟ್ಟುಗಳ ಪರಿಚಯ, ಒಪ್ಪಂದದ ಅವಧಿ ಇವೂ ದರವನ್ನು ಪ್ರಭಾವಿಸುತ್ತವೆ. ಮಾರುಕಟ್ಟೆ ಕುಸಿದಾಗ ಮೊದಲು ಕಡಿತವಾಗುವುದು ಗುತ್ತಿಗೆ ಸ್ಥಾನಗಳೇ. ಅವರನ್ನು ಬಿಡಲು ಒಪ್ಪಂದದಲ್ಲಿರುವಷ್ಟು ದಿನಗಳ ಸೂಚನೆ ಸಾಕು.

ಅರ್ಹತೆಗಳು

ಬ್ರಿಟನ್ನಿನಲ್ಲಿ ವೈದ್ಯ ಅಥವಾ ವಕೀಲ ವೃತ್ತಿಗಿರುವಂತೆ ತಂತ್ರಾಂಶ ವೃತ್ತಿಗೆ ಕಾನೂನಿನ ಪ್ರವೇಶ ಪರವಾನಗಿ ಇಲ್ಲ. ಯಾರು ಬೇಕಾದರೂ ಗುತ್ತಿಗೆದಾರರೆಂದು ಕರೆದುಕೊಳ್ಳಬಹುದು. ಅದರಿಂದಾಗಿಯೇ ಯೋಗ್ಯತೆಯನ್ನು ಅಳೆಯಲು ಹಲವು ಬಗೆಯ ಅಳತೆಗೋಲುಗಳು ಬಳಕೆಗೆ ಬಂದಿವೆ.

ಪದವಿ: ಮೊದಲ ಕೆಲಸ ಸಿಗುವ ಹಂತದಲ್ಲಿ ಪದವಿಗೆ ಬೆಲೆಯಿದೆ. ಹತ್ತು ವರ್ಷದ ಅನುಭವವಿರುವ ಗುತ್ತಿಗೆದಾರರ ದಿನದರವನ್ನು ನಿರ್ಧರಿಸುವಾಗ ಅದು ಹಿನ್ನೆಲೆಗೆ ಸರಿಯುತ್ತದೆ. ಕಲಾ ವಿಭಾಗದ ಪದವಿ ಪಡೆದು ಅಥವಾ ಪದವಿಯೇ ಇಲ್ಲದೆ ಈ ವೃತ್ತಿಗೆ ಬಂದವರು ಅಲ್ಲಿ ಅಪರೂಪವಲ್ಲ.

ಪ್ರಮಾಣಪತ್ರ: ಇವುಗಳಲ್ಲಿ ಎರಡು ಬಗೆ. ಕೆಲವು, ಕೆಲವೇ ದಿನಗಳ ತರಬೇತಿಯ ನಂತರ ಬಹುಆಯ್ಕೆಯ ಪರೀಕ್ಷೆಯಿಂದ ದೊರೆಯುತ್ತವೆ. ಬ್ರಿಟಿಷ್ ಸರ್ಕಾರದ ಆಶ್ರಯದಲ್ಲಿ ರೂಪುಗೊಂಡ ಯೋಜನಾ ನಿರ್ವಹಣೆಯ ‘ಪ್ರಿನ್ಸ್2’ ಮತ್ತು ಸೇವಾ ನಿರ್ವಹಣೆಯ ‘ಐಟಿಐಎಲ್’ ಪದ್ಧತಿಗಳ ಆರಂಭಿಕ ಹಂತದ ಪತ್ರಗಳು ಈ ಗುಂಪಿನವು. ಇನ್ನು ಕೆಲವು ಪರೀಕ್ಷೆಯ ಜೊತೆಗೆ ಅನುಭವವನ್ನೂ ಕೇಳುತ್ತವೆ. ಮಾಹಿತಿ ಭದ್ರತೆಯ ‘ಸಿಐಎಸ್‌ಎಸ್‌ಪಿ’ ಪಡೆಯಲು ಸಾಮಾನ್ಯವಾಗಿ ಐದು ವರ್ಷಗಳ ಸಂಬಂಧಿತ ಅನುಭವ ಬೇಕು. ಅದನ್ನು ಮೂರು ವರ್ಷಕ್ಕೊಮ್ಮೆ ನವೀಕರಿಸಬೇಕು. ಸಿಸ್ಕೊ ಸಂಸ್ಥೆಯ ‘ಸಿಸಿಐಇ’ಗೆ ಎಂಟು ಗಂಟೆಗಳ ಪ್ರಾಯೋಗಿಕ ಪರೀಕ್ಷೆಯಿದೆ. ಅಮೆಜಾನ್‌ನ ಕ್ಲೌಡ್ ಸೇವೆಯ ಪ್ರಮಾಣಪತ್ರಗಳ ಅವಧಿ ಮೂರು ವರ್ಷ. ಖಾಯಂ ನೌಕರರಿಗೆ ಈ ಪರೀಕ್ಷೆಗಳ ಶುಲ್ಕವನ್ನೂ ಓದುವ ದಿನಗಳ ಸಂಬಳವನ್ನೂ ಮಾಲೀಕರು ಭರಿಸಬಹುದು. ಗುತ್ತಿಗೆದಾರರು ಶುಲ್ಕವನ್ನೂ ತೆತ್ತು, ಆ ದಿನಗಳ ದರವನ್ನೂ ಕಳೆದುಕೊಳ್ಳುತ್ತಾರೆ.

ಪ್ರಮಾಣಪತ್ರದಿಂದ ದರ ಏರುತ್ತದೆಯೇ ಎಂಬ ಪ್ರಶ್ನೆಗೆ ಒಂದೇ ಉತ್ತರವಿಲ್ಲ. ಏಜೆನ್ಸಿಗೆ ನೂರಾರು ಅರ್ಜಿಗಳು ಬಂದಾಗ ಮೊದಲ ಜರಡಿ ಹಿಡಿಯುವವರು ತಂತ್ರಜ್ಞರಲ್ಲ. ಅವರು ಪದಗಳನ್ನು ಹುಡುಕುತ್ತಾರೆ. ಆ ಹಂತ ದಾಟಲು ಪ್ರಮಾಣಪತ್ರ ನೆರವಾಗುತ್ತದೆ. ಅನಂತರ ಸಂದರ್ಶನದಲ್ಲಿ ಕುಳಿತ ಗ್ರಾಹಕರ ತಂತ್ರಜ್ಞರು ಕೇಳುವುದು ಹಿಂದೆ ಮಾಡಿ ಮುಗಿಸಿದ ಕೆಲಸದ ಬಗ್ಗೆ. ಹೀಗೆ ಪ್ರಮಾಣಪತ್ರ ಬಾಗಿಲವರೆಗೆ ಕರೆದೊಯ್ಯುತ್ತದೆ, ಒಳಗಿನ ದರವನ್ನು ಅನುಭವ ನಿರ್ಧರಿಸುತ್ತದೆ.

ಕೌಶಲ ಶ್ರೇಣಿ: ಸರ್ಕಾರಿ ಖರೀದಿಯಲ್ಲಿ ಅರ್ಹತೆಗೂ ದರಕ್ಕೂ ಲಿಖಿತ ನಂಟಿದೆ. 2000ದಲ್ಲಿ ಆರಂಭವಾದ ‘ಎಸ್‌ಎಫ್‌ಐಎ’ ಎಂಬ ಕೌಶಲ ಚೌಕಟ್ಟು ಹೊಣೆಗಾರಿಕೆಯನ್ನು ಏಳು ಹಂತಗಳಾಗಿ ವಿಂಗಡಿಸುತ್ತದೆ. ಮೊದಲ ಹಂತದವರು ಹೇಳಿದ್ದನ್ನು ಅನುಸರಿಸುವವರು. ಏಳನೆಯ ಹಂತದವರು ಸಂಸ್ಥೆಯ ಕಾರ್ಯನೀತಿಯನ್ನೇ ರೂಪಿಸುವವರು. 2012ರಲ್ಲಿ ಆರಂಭವಾದ ‘ಜಿ-ಕ್ಲೌಡ್’ ಖರೀದಿ ವ್ಯವಸ್ಥೆಯಲ್ಲಿ ಸೇವಾ ಸಂಸ್ಥೆಗಳು ಈ ಏಳು ಹಂತಗಳಿಗೆ ಪ್ರತ್ಯೇಕ ದಿನದರಗಳನ್ನು ನಮೂದಿಸಿದ ಪಟ್ಟಿಯನ್ನು ಸಲ್ಲಿಸುವ ರೂಢಿ ಬಂದಿತು. ಇಲ್ಲಿ ಹಂತವನ್ನು ನಿರ್ಧರಿಸುವುದು ಪದವಿಯಲ್ಲ, ಹೊರುವ ಹೊಣೆ.

ಭದ್ರತಾ ಅನುಮತಿ: ರಕ್ಷಣೆ, ಪೊಲೀಸ್ ಮತ್ತು ಗೃಹ ಇಲಾಖೆಗಳ ಸೂಕ್ಷ್ಮ ಕೆಲಸಗಳಿಗೆ ‘ಎಸ್‌ಸಿ’ ಅಥವಾ ಅದಕ್ಕೂ ಕಠಿಣವಾದ ‘ಡಿವಿ’ ಹಂತದ ತಪಾಸಣೆ ಬೇಕಾಗುತ್ತದೆ. ಇದನ್ನು ವ್ಯಕ್ತಿಯೊಬ್ಬರು ತಾವಾಗಿ ಅರ್ಜಿ ಹಾಕಿ ಪಡೆಯಲಾಗದು, ಸಂಸ್ಥೆಯೊಂದು ಪ್ರಾಯೋಜಿಸಬೇಕು. ಆದರೆ ಜಾಹೀರಾತುಗಳು ಅನೇಕ ವೇಳೆ ಅನುಮತಿ ಈಗಾಗಲೇ ಇದ್ದವರನ್ನೇ ಕೇಳುತ್ತವೆ. ಕೆಲಸವಿಲ್ಲದೆ ಅನುಮತಿ ಇಲ್ಲ, ಅನುಮತಿಯಿಲ್ಲದೆ ಕೆಲಸವಿಲ್ಲ ಎಂಬ ಈ ಸುತ್ತಿನೊಳಗೆ ಒಮ್ಮೆ ಪ್ರವೇಶ ಪಡೆದವರಿಗೆ ಸ್ಪರ್ಧೆ ಕಡಿಮೆ, ದರ ಹೆಚ್ಚು. ‘ಎಸ್‌ಸಿ’ಗೆ ಸಾಮಾನ್ಯವಾಗಿ ಐದು ವರ್ಷ, ‘ಡಿವಿ’ಗೆ ಹತ್ತು ವರ್ಷ ಬ್ರಿಟನ್ನಿನಲ್ಲಿ ವಾಸವಾಗಿರಬೇಕೆಂಬ ಅಪೇಕ್ಷೆಯಿರುವುದರಿಂದ, ಹೊಸದಾಗಿ ವಲಸೆ ಬಂದವರಿಗೆ ಈ ಬಾಗಿಲು ಬಹುಮಟ್ಟಿಗೆ ಮುಚ್ಚಿರುತ್ತದೆ.

ಐಆರ್ 35

1999ರ ಮಾರ್ಚ್ ತಿಂಗಳ ಆಯವ್ಯಯದ ದಿನ ಬ್ರಿಟನ್ನಿನ ತೆರಿಗೆ ಇಲಾಖೆ ಹೊರಡಿಸಿದ 35ನೇ ಪತ್ರಿಕಾ ಪ್ರಕಟಣೆಯಿಂದ ಈ ನಿಯಮಕ್ಕೆ ‘ಐಆರ್ 35’ ಎಂಬ ಹೆಸರು ಬಂದಿತು. 2000ದ ಏಪ್ರಿಲ್‌ನಿಂದ ಇದು ಜಾರಿಯಲ್ಲಿದೆ. ನಡುವೆ ಕಂಪನಿಯೊಂದು ಇಲ್ಲದಿದ್ದರೆ ದುಡಿಯುವ ವ್ಯಕ್ತಿ ಗ್ರಾಹಕರ ನೌಕರನೇ ಎನಿಸುತ್ತಿದ್ದರೆ, ಅವರ ಗಳಿಕೆಗೆ ನೌಕರರಂತೆಯೇ ತೆರಿಗೆ ವಿಧಿಸಬೇಕು ಎಂಬುದು ಇದರ ಸಾರ.

ನೌಕರ ಯಾರು ಎಂಬುದಕ್ಕೆ ಕಾನೂನಿನಲ್ಲಿ ಸಿದ್ಧ ವ್ಯಾಖ್ಯೆಯಿಲ್ಲ. ನ್ಯಾಯಾಲಯಗಳು ಇಂದಿಗೂ 1968ರಲ್ಲಿ ವರದಿಯಾದ ‘ರೆಡಿ ಮಿಕ್ಸ್ಡ್ ಕಾಂಕ್ರೀಟ್’ ಮೊಕದ್ದಮೆಯ ತತ್ತ್ವಗಳನ್ನು ಅವಲಂಬಿಸುತ್ತವೆ. ಕಾಂಕ್ರೀಟ್ ಸಾಗಿಸುವ ಲಾರಿಯ ಮಾಲೀಕ-ಚಾಲಕನೊಬ್ಬನ ಸ್ಥಾನಮಾನವನ್ನು ತೀರ್ಮಾನಿಸಲು ಹುಟ್ಟಿದ ಅಳತೆಗೋಲು ಇದು. ಕೆಲಸವನ್ನು ಸ್ವತಃ ಆ ವ್ಯಕ್ತಿಯೇ ಮಾಡಬೇಕೇ, ಕೆಲಸದ ರೀತಿಯ ಮೇಲೆ ಕೊಡುವವರಿಗೆ ಹಿಡಿತವಿದೆಯೇ, ಒಪ್ಪಂದದ ಉಳಿದ ಷರತ್ತುಗಳು ನೌಕರಿಗೆ ಹೊಂದುತ್ತವೆಯೇ ಎಂಬವು ಮುಖ್ಯ ಪ್ರಶ್ನೆಗಳು. ಕೆಲಸ ಕೊಡುವ ಮತ್ತು ಮಾಡುವ ಪರಸ್ಪರ ಬಾಧ್ಯತೆಯ ಬಗ್ಗೆ ಬಹುಕಾಲ ವಾದಗಳು ನಡೆದವು. 2024ರ ಸೆಪ್ಟೆಂಬರ್‌ನಲ್ಲಿ ಫುಟ್‌ಬಾಲ್ ತೀರ್ಪುಗಾರರ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು, ಒಂದೊಂದು ಪಂದ್ಯದ ಬಿಡಿ ಒಪ್ಪಂದದೊಳಗೂ ಇಂತಹ ಬಾಧ್ಯತೆ ಇರಬಲ್ಲದು ಎಂದು ಹೇಳಿತು. ಅಲ್ಪಾವಧಿಯ ಒಪ್ಪಂದವೆಂಬ ಕಾರಣಕ್ಕೇ ತಾವು ನೌಕರರಲ್ಲ ಎನ್ನುತ್ತಿದ್ದ ಗುತ್ತಿಗೆದಾರರ ವಾದ ಇದರಿಂದ ದುರ್ಬಲವಾಯಿತು.

ಮೊದಲ 17 ವರ್ಷ ಸ್ಥಾನಮಾನವನ್ನು ಗುತ್ತಿಗೆದಾರರ ಕಂಪನಿಯೇ ನಿರ್ಧರಿಸಿಕೊಳ್ಳುತ್ತಿತ್ತು. 2017ರ ಏಪ್ರಿಲ್‌ನಿಂದ ಸಾರ್ವಜನಿಕ ವಲಯದಲ್ಲಿ ಆ ಹೊಣೆ ಗ್ರಾಹಕ ಸಂಸ್ಥೆಗೆ ವರ್ಗವಾಯಿತು. ಖಾಸಗಿ ವಲಯಕ್ಕೆ 2020ರಲ್ಲಿ ಅನ್ವಯವಾಗಬೇಕಿದ್ದ ಬದಲಾವಣೆ ಕೋವಿಡ್ ಕಾರಣದಿಂದ ಮುಂದೂಡಲ್ಪಟ್ಟು 2021ರ ಏಪ್ರಿಲ್ 6ರಂದು ಜಾರಿಯಾಯಿತು. ಸಣ್ಣ ಕಂಪನಿಗಳಿಗೆ ವಿನಾಯಿತಿ ದೊರೆಯಿತು. 2022ರ ಸೆಪ್ಟೆಂಬರ್‌ನಲ್ಲಿ ಹಣಕಾಸು ಸಚಿವ ಕ್ವಾಸಿ ಕ್ವಾರ್ಟೆಂಗ್ ಈ ಎರಡೂ ಬದಲಾವಣೆಗಳನ್ನು ರದ್ದುಪಡಿಸುವುದಾಗಿ ಘೋಷಿಸಿದರು. ಒಂದು ತಿಂಗಳೊಳಗೆ, ಅಕ್ಟೋಬರ್ 17ರಂದು, ಅವರ ಸ್ಥಾನಕ್ಕೆ ಬಂದ ಜೆರೆಮಿ ಹಂಟ್ ಆ ಘೋಷಣೆಯನ್ನೇ ಹಿಂತೆಗೆದುಕೊಂಡರು.

ಹೊಣೆ ಗ್ರಾಹಕರಿಗೆ ಬಂದದ್ದರ ಪರಿಣಾಮ ಕೂಡಲೇ ಕಾಣಿಸಿತು. ತಪ್ಪು ತೀರ್ಮಾನಕ್ಕೆ ತಾವೇ ತೆರಿಗೆ ತೆರಬೇಕಾದೀತೆಂಬ ಭಯದಿಂದ ಹಲವು ದೊಡ್ಡ ಬ್ಯಾಂಕುಗಳು ಒಬ್ಬರೇ ನಡೆಸುವ ಕಂಪನಿಗಳ ಮೂಲಕ ಯಾರನ್ನೂ ತೆಗೆದುಕೊಳ್ಳುವುದಿಲ್ಲವೆಂದು ನಿರ್ಧರಿಸಿದವು. ಈ ಭಯ ಆಧಾರರಹಿತವಾಗಿರಲಿಲ್ಲ. ಸ್ಥಾನಮಾನ ತಿಳಿಯಲು ತೆರಿಗೆ ಇಲಾಖೆಯೇ ‘ಸೆಸ್ಟ್’ ಎಂಬ ಅಂತರ್ಜಾಲ ಸಾಧನವನ್ನು ಒದಗಿಸಿದೆ. ಅದನ್ನು ಬಳಸಿಯೂ ತಪ್ಪಿದ ಕಾರಣಕ್ಕೆ ಸರ್ಕಾರದ್ದೇ ಆದ ಕಾರ್ಮಿಕ ಮತ್ತು ಪಿಂಚಣಿ ಇಲಾಖೆಯ ಮೇಲೆ ಸುಮಾರು 8.8 ಕೋಟಿ ಪೌಂಡು, ಗೃಹ ಇಲಾಖೆಯ ಮೇಲೆ ಸುಮಾರು 3 ಕೋಟಿ ಪೌಂಡು ತೆರಿಗೆ ಬಾಕಿ ಬಿದ್ದಿತು. ಸರ್ಕಾರದ ಒಂದು ಕೈ ಇನ್ನೊಂದು ಕೈಗೆ ಪಾವತಿಸಿದ ಈ ಪ್ರಸಂಗ ನಿಯಮದ ಜಟಿಲತೆಗೆ ನಿದರ್ಶನವಾಗಿ ಉಳಿದಿದೆ.

ಒಂದೇ ದರ, ಎರಡು ಫಲಿತಾಂಶ

ಐಆರ್ 35ರ ‘ಒಳಗೆ’ ಬಂದ ಗುತ್ತಿಗೆದಾರರು ಹೆಚ್ಚಾಗಿ ‘ಅಂಬ್ರೆಲಾ ಕಂಪನಿ’ ಎಂಬ ಸಂಸ್ಥೆಯ ವೇತನ ಪಟ್ಟಿಗೆ ಸೇರುತ್ತಾರೆ. ಅದು ಅವರನ್ನು ನೌಕರರಾಗಿ ತೋರಿಸಿ, ತೆರಿಗೆ ಮುರಿದು, ಉಳಿದದ್ದನ್ನು ಕೊಡುತ್ತದೆ. ಇಲ್ಲಿ ಗಮನಿಸಬೇಕಾದ ಅಂಶವೆಂದರೆ, ಮಾಲೀಕರ ಪಾಲಿನ ರಾಷ್ಟ್ರೀಯ ವಿಮೆಯೂ ಆ ದಿನದರದೊಳಗಿನಿಂದಲೇ ಹೋಗುತ್ತದೆ. 2025ರ ಏಪ್ರಿಲ್‌ನಲ್ಲಿ ಮಾಲೀಕರ ವಂತಿಗೆ ಶೇ 13.8ರಿಂದ ಶೇ 15ಕ್ಕೆ ಏರಿದಾಗ, ದರ ಏರದ ಅಂಬ್ರೆಲಾ ನೌಕರರ ಕೈಗೆ ಬರುವ ಹಣ ಕಡಿಮೆಯಾಯಿತು.

ದಿನಕ್ಕೆ 500 ಪೌಂಡು, ವರ್ಷಕ್ಕೆ 220 ದಿನ ಎಂಬ ಉದಾಹರಣೆಯನ್ನೇ 2025–26ರ ತೆರಿಗೆ ದರಗಳಿಗೆ ಅನ್ವಯಿಸಿ ನೋಡಬಹುದು. 1,10,000 ಪೌಂಡಿನಲ್ಲಿ ಅಂಬ್ರೆಲಾ ಕಂಪನಿಯ ಶುಲ್ಕ 1,000 ಎಂದು ಇಟ್ಟುಕೊಂಡರೆ, ಮಾಲೀಕರ ವಿಮೆ ಮತ್ತು ಶೇ 0.5ರ ಅಪ್ರೆಂಟಿಸ್ ಲೆವಿ ಸೇರಿ ಸುಮಾರು 14,000 ಹೋಗುತ್ತದೆ. ಉಳಿದ ಸುಮಾರು 95,000 ಪೌಂಡು ಒಟ್ಟು ಸಂಬಳ. ಅದರಲ್ಲಿ ಆದಾಯ ತೆರಿಗೆ ಸುಮಾರು 25,400, ನೌಕರರ ಪಾಲಿನ ವಿಮೆ ಸುಮಾರು 3,900. ಕೈಗೆ ಬರುವುದು ಸುಮಾರು 65,700, ಅಂದರೆ ದಿನಕ್ಕೆ 299 ಪೌಂಡಿಗಿಂತ ಕಡಿಮೆ. ರಜೆಯ ವೇತನವೂ ಇದರಲ್ಲೇ ಅಡಕವಾಗಿದೆ.

ಐಆರ್ 35ರ ‘ಹೊರಗೆ’ ಉಳಿದವರ ಕಂಪನಿಯ ಖರ್ಚು 5,000 ಎಂದು ಭಾವಿಸಿ, 12,570 ಪೌಂಡು ಸಂಬಳ ಪಡೆದು, ಕಾರ್ಪೊರೇಷನ್ ತೆರಿಗೆ ಕಟ್ಟಿ, ಉಳಿದ ಲಾಭವನ್ನೆಲ್ಲ ಅದೇ ವರ್ಷ ಡಿವಿಡೆಂಡ್ ಆಗಿ ತೆಗೆದುಕೊಂಡರೆ ಕೈಗೆ ಬರುವುದು ಸುಮಾರು 69,000. ವ್ಯತ್ಯಾಸ ಮೂರು ಸಾವಿರ ಪೌಂಡಿಗಿಂತ ಸ್ವಲ್ಪ ಹೆಚ್ಚು. ಎರಡು ದಶಕಗಳ ಹಿಂದೆ ಇದ್ದ ದೊಡ್ಡ ಅಂತರ ಕರಗಿರುವುದಕ್ಕೆ ಕಾರಣಗಳಿವೆ. 2016ರಲ್ಲಿ 5,000 ಪೌಂಡು ಇದ್ದ ತೆರಿಗೆರಹಿತ ಡಿವಿಡೆಂಡ್ ಮಿತಿ 2024ರ ಹೊತ್ತಿಗೆ 500ಕ್ಕೆ ಇಳಿದಿದೆ. 2023ರಿಂದ ಕಾರ್ಪೊರೇಷನ್ ತೆರಿಗೆಯೂ ಏರಿದೆ. ಹೊರಗುಳಿದವರಿಗೆ ಈಗಲೂ ಇರುವ ಅನುಕೂಲವೆಂದರೆ ಲಾಭವನ್ನು ಕಂಪನಿಯಲ್ಲೇ ಉಳಿಸಿ ಕೆಲಸವಿಲ್ಲದ ತಿಂಗಳುಗಳಿಗೆ ಕಾಯ್ದಿಡುವ, ಪಿಂಚಣಿಗೆ ಕಂಪನಿಯಿಂದಲೇ ಕಟ್ಟುವ ಸ್ವಾತಂತ್ರ್ಯ.

ಅಂಬ್ರೆಲಾ ವ್ಯವಸ್ಥೆ ಮತ್ತು ಸಾಲದ ಯೋಜನೆಗಳು

ಐಆರ್ 35 ಬಂದ ನಂತರ ಕೆಲವು ಸಲಹೆಗಾರರು ಮತ್ತೊಂದು ದಾರಿಯನ್ನು ಮಾರಿದರು. ಗುತ್ತಿಗೆದಾರರಿಗೆ ಅಲ್ಪ ಸಂಬಳ ಕೊಟ್ಟು, ಮಿಕ್ಕದ್ದನ್ನು ವಿದೇಶದ ಟ್ರಸ್ಟಿನಿಂದ ‘ಸಾಲ’ವೆಂದು ಕೊಡುವ ಯೋಜನೆಗಳವು. ಆ ಸಾಲವನ್ನು ಯಾರೂ ಮರಳಿ ಕೇಳುವುದಿಲ್ಲವೆಂಬುದು ಒಳಗಿನ ತಿಳಿವಳಿಕೆ. 2017ರ ಕಾನೂನಿನಂತೆ, 2019ರ ಏಪ್ರಿಲ್ 5ರಂದು ಬಾಕಿಯಿದ್ದ ಸಾಲಗಳನ್ನೆಲ್ಲ ಒಂದೇ ವರ್ಷದ ಆದಾಯವೆಂದು ಎಣಿಸಿ ತೆರಿಗೆ ವಿಧಿಸಲಾಯಿತು. 2019ರ ಕೊನೆಯಲ್ಲಿ ಬಂದ ಪರಿಶೀಲನಾ ವರದಿಯ ನಂತರ ಇದನ್ನು 2010ರ ಡಿಸೆಂಬರ್ 9ರಿಂದ ಈಚಿನ ಸಾಲಗಳಿಗೆ ಸೀಮಿತಗೊಳಿಸಲಾಯಿತು. ಯೋಜನೆಗಳನ್ನು ಮಾರಿ ಶುಲ್ಕ ಪಡೆದವರಿಗಿಂತ, ನಂಬಿ ಸೇರಿದವರ ಮೇಲೆಯೇ ಹೊರೆ ಬಿದ್ದಿತೆಂಬುದು ಪ್ರಮುಖ ಟೀಕೆ. ಈ ಬಾಕಿಯ ಒತ್ತಡದಲ್ಲಿದ್ದ ಕೆಲವರ ಆತ್ಮಹತ್ಯೆಯ ಪ್ರಕರಣಗಳನ್ನು ತೆರಿಗೆ ಇಲಾಖೆಯೇ ಸ್ವತಂತ್ರ ಮೇಲ್ವಿಚಾರಣಾ ಸಂಸ್ಥೆಗೆ ಒಪ್ಪಿಸಬೇಕಾಯಿತು.

ಪಾರದರ್ಶಕತೆಗಾಗಿ 2020ರ ಏಪ್ರಿಲ್‌ನಿಂದ ಏಜೆನ್ಸಿಗಳು ಕೆಲಸಗಾರರಿಗೆ ದರ, ಕಡಿತ ಮತ್ತು ಕೈಗೆ ಬರುವ ಮೊತ್ತವನ್ನು ಉದಾಹರಣೆಯೊಂದಿಗೆ ತಿಳಿಸುವ ಪತ್ರ ಕೊಡಬೇಕೆಂಬ ನಿಯಮ ಬಂದಿತು. ಅಂಬ್ರೆಲಾ ಕಂಪನಿ ತೆರಿಗೆ ಕಟ್ಟದೆ ಹೋದರೆ 2026ರ ಏಪ್ರಿಲ್‌ನಿಂದ ಏಜೆನ್ಸಿಯೂ ಜಂಟಿಯಾಗಿ ಹೊಣೆಯಾಗಬೇಕೆಂದು ಬ್ರಿಟಿಷ್ ಸರ್ಕಾರ ನಿರ್ಧರಿಸಿದೆ.

ಅರ್ಹತೆ ಮತ್ತು ಸ್ಥಾನಮಾನದ ನಡುವಿನ ವೈರುಧ್ಯ

ಸ್ವತಂತ್ರ ವ್ಯವಹಾರಸ್ಥರೆಂದು ತೋರಿಸಿಕೊಳ್ಳಲು ಇರುವ ಪ್ರಬಲ ಆಧಾರಗಳಲ್ಲಿ ಒಂದು, ತಮ್ಮ ಬದಲಿಗೆ ಬೇರೊಬ್ಬರನ್ನು ಕಳುಹಿಸುವ ಹಕ್ಕು. ಆದರೆ ಅರ್ಹತೆ ಹೆಚ್ಚಿದಷ್ಟೂ ಆ ಹಕ್ಕು ಕಾಗದದ ಮೇಲಷ್ಟೇ ಉಳಿಯುತ್ತದೆ. ನಿರ್ದಿಷ್ಟ ಪ್ರಮಾಣಪತ್ರ, ನಿರ್ದಿಷ್ಟ ಭದ್ರತಾ ಅನುಮತಿ, ಆ ಇಲಾಖೆಯ ಹಳೆಯ ವ್ಯವಸ್ಥೆಯ ಪರಿಚಯ ಇವೆಲ್ಲ ಇರುವ ಒಬ್ಬರನ್ನೇ ಆರಿಸಿಕೊಂಡ ಗ್ರಾಹಕರು ಬದಲಿ ವ್ಯಕ್ತಿಯನ್ನು ಒಪ್ಪುವ ಸಂಭವ ಕಡಿಮೆ. ಹೆಚ್ಚಿನ ದರ ತಂದುಕೊಡುವ ಗುಣಗಳೇ ‘ಸ್ವತಃ ಅವರೇ ಕೆಲಸ ಮಾಡಬೇಕು’ ಎಂಬ ನೌಕರಿಯ ಲಕ್ಷಣವನ್ನು ಬಲಪಡಿಸುತ್ತವೆ.

ಇನ್ನೊಂದು ಕಡೆ, ಪರಿಣತರಿಗೆ ಕೆಲಸ ಹೇಗೆ ಮಾಡಬೇಕೆಂದು ಗ್ರಾಹಕರು ಹೇಳಿಕೊಡುವುದಿಲ್ಲ. ಹಿಡಿತದ ಪ್ರಶ್ನೆಯಲ್ಲಿ ಪರಿಣತಿ ಸ್ವಾತಂತ್ರ್ಯದ ಪರವಾಗಿ ವಾಲುತ್ತದೆ. ಹೀಗಾಗಿ ಅರ್ಹತೆ ಎರಡು ಅಲಗಿನ ಕತ್ತಿಯಂತಿದೆ. ಪ್ರತಿ ಪ್ರಕರಣವನ್ನೂ ಅದರ ಸಂಗತಿಗಳ ಮೇಲೆಯೇ ತೂಗಬೇಕಾಗುತ್ತದೆ. ತೆರಿಗೆಗೆ ನೌಕರನೆಂದು ಎಣಿಸಲ್ಪಟ್ಟ ಮಾತ್ರಕ್ಕೆ ಗ್ರಾಹಕ ಸಂಸ್ಥೆಯಿಂದ ನೌಕರರ ಹಕ್ಕುಗಳು ದೊರೆಯುವುದಿಲ್ಲ ಎಂಬುದು ಗುತ್ತಿಗೆದಾರರ ದೊಡ್ಡ ಅಸಮಾಧಾನ. ತೆರಿಗೆ ನೌಕರನಂತೆ, ಭದ್ರತೆ ಮಾತ್ರ ಇಲ್ಲ ಎಂಬುದು ಅವರ ದೂರಿನ ಸಾರಾಂಶ.

ಭಾರತ ಮತ್ತು ಕರ್ನಾಟಕದ ಸಂಬಂಧ

ಬ್ರಿಟನ್ನಿಗೆ ಹೋಗುವ ಭಾರತೀಯ ತಂತ್ರಜ್ಞರಲ್ಲಿ ಬಹುಪಾಲು ಜನ ಈ ದಿನದರದ ಮಾರುಕಟ್ಟೆಯನ್ನು ನೇರವಾಗಿ ಪ್ರವೇಶಿಸುವುದಿಲ್ಲ. ‘ಸ್ಕಿಲ್ಡ್ ವರ್ಕರ್’ ವೀಸಾ ಪ್ರಾಯೋಜಕ ಸಂಸ್ಥೆಗೆ ಕಟ್ಟಿಬಿದ್ದಿರುತ್ತದೆ. ಬೆಂಗಳೂರಿನ ಸೇವಾ ಸಂಸ್ಥೆಯ ಇಂಜಿನಿಯರ್ ಲಂಡನ್ನಿನ ಬ್ಯಾಂಕಿನಲ್ಲಿ ಕುಳಿತಾಗಲೂ ದರ ಎಣಿಕೆಯಾಗುತ್ತದೆ. ಆದರೆ ಆ ‘ಬಿಲ್ಲಿಂಗ್ ದರ’ ಸಂಸ್ಥೆಗೆ ಸಲ್ಲುತ್ತದೆ, ಇಂಜಿನಿಯರಿಗೆ ಸಂಬಳ ಸಲ್ಲುತ್ತದೆ. 2025ರ ಜುಲೈ 22ರಿಂದ ಈ ವೀಸಾಕ್ಕೆ ಪದವಿ ಮಟ್ಟದ ಹುದ್ದೆಯೇ ಬೇಕೆಂಬ ನಿಯಮ ಬಂದು, ಸಾಮಾನ್ಯ ವೇತನ ಮಿತಿ 38,700ರಿಂದ 41,700 ಪೌಂಡಿಗೆ ಏರಿತು. ಸ್ಥಳೀಯ ಗುತ್ತಿಗೆದಾರರಿಗೆ ಪದವಿ ಅನಿವಾರ್ಯವಲ್ಲದ ಕ್ಷೇತ್ರದಲ್ಲಿ ವಲಸಿಗರ ಹುದ್ದೆಗೆ ಮಾತ್ರ ಪದವಿಯ ಮಟ್ಟ ಕಡ್ಡಾಯವಾದಂತಾಯಿತು.

2025ರ ಜುಲೈ 24ರಂದು ಭಾರತ ಮತ್ತು ಬ್ರಿಟನ್ ಸಮಗ್ರ ಆರ್ಥಿಕ ಮತ್ತು ವ್ಯಾಪಾರ ಒಪ್ಪಂದಕ್ಕೆ ಸಹಿ ಹಾಕಿದವು. ಅದರೊಂದಿಗೆ ರೂಪುಗೊಂಡ ಇಮ್ಮಡಿ ವಂತಿಗೆ ನಿವಾರಣೆಯ ಒಡಂಬಡಿಕೆಯಂತೆ, ತಾತ್ಕಾಲಿಕವಾಗಿ ನಿಯೋಜಿತರಾದ ನೌಕರರು ಮತ್ತು ಅವರ ಮಾಲೀಕರು ಮೂರು ವರ್ಷಗಳವರೆಗೆ ತಾಯ್ನಾಡಿನಲ್ಲಿ ಮಾತ್ರ ಸಾಮಾಜಿಕ ಭದ್ರತೆಯ ವಂತಿಗೆ ಕಟ್ಟಿದರೆ ಸಾಕು. ಇದು ಸ್ಥಳೀಯರಿಗಿಂತ ಭಾರತೀಯರನ್ನು ಅಗ್ಗವಾಗಿಸುತ್ತದೆ ಎಂದು ಬ್ರಿಟನ್ನಿನ ವಿರೋಧ ಪಕ್ಷಗಳು ಟೀಕಿಸಿದವು. ಹಿಂದೆ ಕಟ್ಟಿದ ವಂತಿಗೆಗೆ ಪ್ರತಿಯಾಗಿ ಪಿಂಚಣಿ ಪಡೆಯದೆಯೇ ಮರಳುತ್ತಿದ್ದ ತಂತ್ರಜ್ಞರಿಗೆ ಇದು ನ್ಯಾಯವೆಂದು ಭಾರತದ ಉದ್ಯಮ ವಲಯ ಸ್ವಾಗತಿಸಿತು.

ಬೆಂಗಳೂರಿನ ಒಳಗೆ ಗುತ್ತಿಗೆ ಕೆಲಸದ ಸ್ವರೂಪ ಭಿನ್ನವಾಗಿದೆ. ಇಲ್ಲಿ ದಿನದರಕ್ಕಿಂತ ಮಾಸಿಕ ವೇತನವೇ ಹೆಚ್ಚು ರೂಢಿ. ತಂತ್ರಜ್ಞರು ಮಾನವ ಸಂಪನ್ಮೂಲ ಪೂರೈಸುವ ಸಂಸ್ಥೆಯ ವೇತನ ಪಟ್ಟಿಯಲ್ಲಿದ್ದು, ಬೇರೊಂದು ಕಂಪನಿಯಲ್ಲಿ ಕೆಲಸ ಮಾಡುತ್ತಾರೆ. ಇದನ್ನು ‘ಥರ್ಡ್ ಪಾರ್ಟಿ ಪೇರೋಲ್’ ಎನ್ನುತ್ತಾರೆ. ಅರ್ಹತೆಯ ಮೊದಲ ಜರಡಿಯಲ್ಲಿ ಬಿ.ಇ., ಎಂ.ಸಿ.ಎ. ಪದವಿಗಳಿಗೆ ಮತ್ತು ಅಂಕಗಳ ಶೇಕಡಾವಾರಿಗೆ ಬ್ರಿಟನ್ನಿಗಿಂತ ಹೆಚ್ಚಿನ ತೂಕವಿದೆ. ಹೇಳಿಕೊಂಡ ಅನುಭವ ನಿಜವೇ ಎಂಬುದನ್ನು ಭವಿಷ್ಯ ನಿಧಿಯ ಖಾತೆಯಲ್ಲಿ ದಾಖಲಾದ ಹಿಂದಿನ ಮಾಲೀಕರ ವಿವರದಿಂದ ಪರಿಶೀಲಿಸುವುದು ಸಾಮಾನ್ಯವಾಗಿದೆ.

ಸ್ವತಂತ್ರ ಸಲಹೆಗಾರರಾಗಿ ದುಡಿಯುವವರಿಗೆ ಆದಾಯ ತೆರಿಗೆ ಕಾಯ್ದೆಯಲ್ಲಿ ಸರಳ ದಾರಿಯಿದೆ. ವಾರ್ಷಿಕ ಸ್ವೀಕೃತಿ 50 ಲಕ್ಷ ರೂಪಾಯಿಯೊಳಗಿದ್ದರೆ, ನಗದು ವ್ಯವಹಾರ ಶೇ 5ನ್ನು ಮೀರದಿದ್ದಲ್ಲಿ 75 ಲಕ್ಷದವರೆಗೂ, ಅದರ ಅರ್ಧವನ್ನು ಆದಾಯವೆಂದು ಘೋಷಿಸಿ ತೆರಿಗೆ ಕಟ್ಟಬಹುದು. ಸ್ವೀಕೃತಿ 20 ಲಕ್ಷ ರೂಪಾಯಿ ದಾಟಿದರೆ ಜಿಎಸ್‌ಟಿ ನೋಂದಣಿ ಬೇಕು. ಬ್ರಿಟನ್ನಿನ ಐಆರ್ 35ಕ್ಕೆ ಸಮನಾದ ಪ್ರತ್ಯೇಕ ನಿಯಮ ಭಾರತದಲ್ಲಿಲ್ಲ.

ಕಾರ್ಮಿಕ ಹಕ್ಕುಗಳ ಬಗ್ಗೆ ಹೇಳುವುದಾದರೆ, ದೀರ್ಘಕಾಲ ದುಡಿದ ಮಾತ್ರಕ್ಕೆ ಖಾಯಮಾತಿ ಹಕ್ಕಾಗದು ಎಂಬ ಸರ್ವೋಚ್ಚ ನ್ಯಾಯಾಲಯದ 2006ರ ಉಮಾದೇವಿ ಪ್ರಕರಣದ ತೀರ್ಪು ಕರ್ನಾಟಕ ಸರ್ಕಾರದ ದಿನಗೂಲಿ ನೌಕರರಿಗೆ ಸಂಬಂಧಿಸಿದ್ದು. ಖಾಸಗಿ ವಲಯದಲ್ಲಿ, 2025ರ ನವೆಂಬರ್ 21ರಂದು ಜಾರಿಯಾದ ನಾಲ್ಕು ಕಾರ್ಮಿಕ ಸಂಹಿತೆಗಳು ನೇಮಕಾತಿ ಪತ್ರವನ್ನು ಕಡ್ಡಾಯಗೊಳಿಸಿವೆ ಮತ್ತು ನಿಗದಿತ ಅವಧಿಯ ನೌಕರರಿಗೆ ಒಂದು ವರ್ಷದ ಸೇವೆಗೇ ಗ್ರಾಚ್ಯುಟಿ ಅರ್ಹತೆ ನೀಡಿವೆ. ಜೊತೆಗೆ ಗುತ್ತಿಗೆ ಕಾರ್ಮಿಕರ ನಿಯಮಗಳು ಅನ್ವಯಿಸುವ ಮಿತಿಯನ್ನು 20ರಿಂದ 50 ಜನರಿಗೆ ಏರಿಸಿವೆ. ಮೊದಲಿನದು ಗುತ್ತಿಗೆ ತಂತ್ರಜ್ಞರಿಗೆ ಅನುಕೂಲ. ಎರಡನೆಯದು ಸಣ್ಣ ಪೂರೈಕೆದಾರರ ಕೈಕೆಳಗಿರುವವರನ್ನು ನಿಯಮದ ಹೊರಗಿಡುತ್ತದೆ.

ವಿಶ್ಲೇಷಣೆ

ದಿನದರದ ವ್ಯವಸ್ಥೆಯನ್ನು ಸಮರ್ಥಿಸುವವರು ಅದರ ನಮ್ಯತೆಯನ್ನು ಮುಂದಿಡುತ್ತಾರೆ. ಆರು ತಿಂಗಳ ಯೋಜನೆಗೆ ಪರಿಣತರು ಬೇಕಾದಾಗ ಖಾಯಂ ನೇಮಕ ಸಂಸ್ಥೆಗೂ ಹೊರೆ, ಪರಿಣತರಿಗೂ ಬಂಧನ. ಹಲವು ಸಂಸ್ಥೆಗಳಲ್ಲಿ ದುಡಿದವರು ಒಂದೆಡೆ ಕಲಿತದ್ದನ್ನು ಇನ್ನೊಂದೆಡೆಗೆ ಒಯ್ಯುತ್ತಾರೆ. ವಿರೋಧಿಸುವವರು, ವರ್ಷಗಟ್ಟಲೆ ಒಂದೇ ಮೇಜಿನಲ್ಲಿ ಕುಳಿತು, ಖಾಯಂ ನೌಕರರ ಕೆಲಸವನ್ನೇ ಮಾಡುವ ಇಬ್ಬರಲ್ಲಿ ಒಬ್ಬರು ಕಡಿಮೆ ತೆರಿಗೆ ಕಟ್ಟುವುದು ನ್ಯಾಯವಲ್ಲ ಎನ್ನುತ್ತಾರೆ.

ಕಳೆದ 25 ವರ್ಷಗಳ ಕ್ರಮಗಳು ಎರಡನೆಯ ಆಕ್ಷೇಪಕ್ಕೆ ಬಹುಮಟ್ಟಿಗೆ ಉತ್ತರಿಸಿವೆ. ಮೇಲಿನ ಲೆಕ್ಕದಲ್ಲಿ ಕಂಡಂತೆ ತೆರಿಗೆಯ ಅಂತರ ಕಿರಿದಾಗಿದೆ. ಆದರೆ ತೆರಿಗೆಯನ್ನು ಸಮಗೊಳಿಸಿದ ಕಾನೂನು ಭದ್ರತೆಯನ್ನು ಸಮಗೊಳಿಸಲಿಲ್ಲ. ಅಪಾಯದ ಬೆಲೆಯಾಗಿ ದಿನದರದಲ್ಲಿ ಸೇರಿದ್ದ ಹೆಚ್ಚುವರಿ ಭಾಗವು ಈಗ ಮಾಲೀಕರ ವಿಮೆ, ಲೆವಿ ಮತ್ತು ಶುಲ್ಕಗಳಿಗೆ ಹೋಗುತ್ತಿದ್ದು, ಅಪಾಯ ಮಾತ್ರ ಮೊದಲಿದ್ದವರ ಬಳಿಯೇ ಉಳಿದಿದೆ.

ಈ ಕಾರಣದಿಂದ, ಗುತ್ತಿಗೆ ಕೆಲಸವನ್ನು ಒಪ್ಪಿಕೊಳ್ಳುವ ಮುನ್ನ ದರದ ಅಂಕಿಯೊಂದನ್ನೇ ನೋಡದೆ, ಅದು ಐಆರ್ 35ರ ಒಳಗೋ ಹೊರಗೋ, ಮಾಲೀಕರ ವಂತಿಗೆ ಸೇರಿದ ದರವೋ ಅಲ್ಲವೋ, ಸೂಚನಾ ಅವಧಿ ಎಷ್ಟು, ಹೊಸ ಅರ್ಹತೆ ಗಳಿಸುವ ಖರ್ಚು ಯಾರದು ಎಂಬುದನ್ನು ತಿಳಿಯುವುದು ಅಗತ್ಯವಾಗಿದೆ. ಅಂಬ್ರೆಲಾ ಕಂಪನಿಯ ಮೂಲಕ ಪಡೆಯುವ 500 ಪೌಂಡಿನಲ್ಲಿ ಕೈಗೆ ದೊರೆಯುವುದು 300ಕ್ಕೂ ಕಡಿಮೆ. ರಜೆಯೂ ಪಿಂಚಣಿಯೂ ಉಳ್ಳ 65,000 ಪೌಂಡಿನ ಖಾಯಂ ಹುದ್ದೆಯಲ್ಲಿ ತೆರಿಗೆ ಕಳೆದು ಉಳಿಯುವ ಹಣಕ್ಕಿಂತ ಅದು ಹೆಚ್ಚೇ ಆದರೂ, ಎರಡು-ಮೂರು ತಿಂಗಳು ಕೆಲಸವಿಲ್ಲದೆ ಕಳೆದರೆ ಆ ಹೆಚ್ಚಳದ ಬಹುಪಾಲು ಕರಗಿಹೋಗುತ್ತದೆ.